ಎದೆಭಾರಕ್ಕೆ ಹನ್ನೆರಡು ಸಾಲು: ನೆಮ್ಮದಿಗಾಗಿ ಕವಿತೆ ಬರೆಯುವ ಬಗೆ

ಕವಿತೆ ಬರೆದರೆ ಮನಸ್ಸು ಹಗುರಾಗುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬರೆದ ಮೇಲೆ ಇನ್ನಷ್ಟು ಭಾರವಾಯಿತು ಎನ್ನುವವರೂ ಕಡಿಮೆಯಿಲ್ಲ. ಎರಡೂ ನಿಜ. ವ್ಯತ್ಯಾಸ ಇರುವುದು ಬರೆಯುವ ಬಗೆಯಲ್ಲಿ. ನನ್ನ ನೋವು, ನನ್ನ ಕಣ್ಣೀರು, ನನ್ನ ಒಂಟಿತನ ಎಂದು ಹೊರಟ ಕವಿತೆ ಗಾಣದೆತ್ತಿನ ಹಾಗೆ ಅಲ್ಲೇ ಸುತ್ತುತ್ತದೆ. ಕಣ್ಣೆದುರಿನ ಒಂದು ವಸ್ತುವನ್ನು ಹೆಸರು ಹಿಡಿದು ಕರೆದು, ಯಾರೋ ಒಬ್ಬರ ಕಡೆ ಮುಖ ಮಾಡಿ ಮಾತಾಡಿ, ಹನ್ನೆರಡನೇ ಸಾಲಿಗೆ ಬಂದು ನಿಲ್ಲುವ ಕವಿತೆ ಬರೆದವರನ್ನು ಆ ಸುತ್ತಿನಿಂದ ಆಚೆ ತರುತ್ತದೆ. ಹಾಗೆ ಬರೆಯುವುದನ್ನು ನಾಲ್ಕು ದಿನದ ಅಭ್ಯಾಸವಾಗಿ ಇಲ್ಲಿ ವಿವರಿಸಿದೆ. ಇದಕ್ಕೆ ಕವಿಯಾಗಿರಬೇಕಿಲ್ಲ, ಹಿಂದೆ ಒಂದು ಸಾಲೂ ಬರೆದಿರಬೇಕಿಲ್ಲ.

ನಾಲ್ಕು ದಿನ ಎಂಬ ಲೆಕ್ಕಕ್ಕೆ ಒಂದು ಹಿನ್ನೆಲೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್ನೆಬೇಕರ್ ಮತ್ತು ಸಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 46 ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ಬದುಕಿನ ಅತಿ ಕಷ್ಟದ ಸಂಗತಿಯನ್ನು ಅದರ ಭಾವನೆಗಳ ಸಮೇತ ಬರೆದವರು, ಬರೆದ ದಿನ ಹೆಚ್ಚು ಕುಗ್ಗಿದ್ದರು. ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಹೋದದ್ದು ಮಾತ್ರ ಕಡಿಮೆ. ಆಮೇಲೆ ಇಂಥ ನೂರಾರು ಅಧ್ಯಯನಗಳಾದವು. 2006ರಲ್ಲಿ 146 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಪ್ರಯೋಜನ ಇದೆ, ಆದರೆ ಸರಾಸರಿಯಲ್ಲಿ ಅದು ಸಣ್ಣದು ಎಂದು ಕಂಡಿತು. ಆ ಅಧ್ಯಯನಗಳು ಹೆಚ್ಚಾಗಿ ಗದ್ಯ ಬರವಣಿಗೆಯವು ಎಂಬುದನ್ನೂ ನೆನಪಿಡಬೇಕು. ಹಾಗಾಗಿ ಕವಿತೆಯನ್ನು ಔಷಧಿ ಎಂದುಕೊಳ್ಳಬೇಡಿ. ನಡಿಗೆ, ನಿದ್ದೆ, ಗೆಳೆಯರ ಮಾತಿನ ಪಕ್ಕದಲ್ಲಿ ಇಟ್ಟುಕೊಳ್ಳಬಹುದಾದ ಒಂದು ಅಭ್ಯಾಸ ಎಂದುಕೊಳ್ಳಿ.

ಶುರು ಮಾಡುವ ಮುಂಚೆ

ಬೇಕಾದ್ದು ನೂರು ಪುಟದ ಒಂದು ನೋಟ್‌ಬುಕ್, ತಡೆಯದೆ ಬರೆಯುವ ಒಂದು ಪೆನ್ನು, ಮೊಬೈಲಿನ ಟೈಮರ್. ಚಂದದ ರಟ್ಟಿನ ದುಬಾರಿ ಡೈರಿ ಬೇಡ. ಅದರಲ್ಲಿ ಕೆಟ್ಟ ಸಾಲು ಬರೆಯಲು ಕೈ ಹಿಂಜರಿಯುತ್ತದೆ, ಈ ಕೆಲಸಕ್ಕೆ ಕೆಟ್ಟ ಸಾಲುಗಳು ಬೇಕೇ ಬೇಕು. ಮೊಬೈಲಿನಲ್ಲೇ ಬರೆಯುವುದಾದರೆ ಏರೋಪ್ಲೇನ್ ಮೋಡ್ ಹಾಕಿ.

ಹೊತ್ತು: ದಿನಕ್ಕೆ 20 ನಿಮಿಷ, ಅದರ ಮೇಲೆ ಹತ್ತು ನಿಮಿಷ ಸುಮ್ಮನಿರಲು. ಮಲಗುವ ಮುಂಚಿನ ಹೊತ್ತನ್ನು ಆರಿಸಬೇಡಿ. ಬರೆದ ತಕ್ಷಣ ಮನಸ್ಸು ಸ್ವಲ್ಪ ಕುಗ್ಗುವುದು ಸಹಜ, ಅದೇ ಸ್ಥಿತಿಯಲ್ಲಿ ಹಾಸಿಗೆಗೆ ಹೋದರೆ ನಿದ್ದೆ ಹಾರಿಹೋಗುತ್ತದೆ. ಬೆಳಗಿನ ಕಾಫಿಯ ನಂತರ ಅಥವಾ ಸಂಜೆ ದೀಪ ಹಚ್ಚುವ ಹೊತ್ತು ಅನೇಕರಿಗೆ ಒಗ್ಗುತ್ತದೆ.

ಗುಟ್ಟಿನ ವಿಷಯ ಇಲ್ಲಿಯೇ ತೀರ್ಮಾನವಾಗಲಿ. ತುಂಬಿದ ಮನೆಯಲ್ಲಿ, ಹಾಸ್ಟೆಲಿನಲ್ಲಿ, ಪಿಜಿಯಲ್ಲಿ ಇರುವವರಿಗೆ ಯಾರಾದರೂ ಓದಿಬಿಟ್ಟರೆ ಎಂಬ ಅಳುಕು ಪ್ರತಿ ಸಾಲಿನಲ್ಲೂ ಇರುತ್ತದೆ, ಆ ಅಳುಕು ಸಾಲುಗಳನ್ನು ಸುಳ್ಳು ಮಾಡಿಬಿಡುತ್ತದೆ. ಹಾಗಿದ್ದರೆ ಬಿಡಿ ಹಾಳೆಯಲ್ಲಿ ಬರೆದು ಹರಿದುಹಾಕುವುದೆಂದು ಮೊದಲೇ ನಿಶ್ಚಯಿಸಿ. ಬರೆದದ್ದು ಉಳಿಯಬೇಕೆಂದೇನೂ ಇಲ್ಲ.

ವಿಷಯ ಆರಿಸುವಾಗ ಒಂದು ಎಚ್ಚರ. ಬದುಕಿನ ಅತಿ ದೊಡ್ಡ ಗಾಯವನ್ನೇ ಮೊದಲು ಕೆದಕಬೇಡಿ. ಸಾವು, ವಿಚ್ಛೇದನ, ಹಲ್ಲೆ ಮೊನ್ನೆ ಮೊನ್ನೆ ನಡೆದದ್ದಾದರೆ ಕೆಲವು ವಾರ ಕಳೆಯಲಿ; ಆ ದಿನಗಳಲ್ಲಿ ಬೇಕಾದ್ದು ಜೊತೆಗಿರುವ ಮನುಷ್ಯರು. ಯಾವುದೋ ಒಂದು ಸಂಗತಿಯನ್ನು ನೆನೆದೊಡನೆ ಉಸಿರು ಕಟ್ಟುತ್ತದೆ, ಕೈ ನಡುಗುತ್ತದೆ ಎಂದಾದರೆ ಅದನ್ನು ಬಿಟ್ಟು ಬೇರೆಯದನ್ನು ಬರೆಯಿರಿ. ಪೆನ್ನೆಬೇಕರ್ ಕೂಡ ಬರೆಯುವವರಿಗೆ ಇದೇ ನಿಯಮ ಹೇಳುತ್ತಾರೆ.

ಭಾವಕ್ಕೆ ಸರಿಯಾದ ಹೆಸರು

'ಬೇಜಾರು' ಎಂಬ ಒಂದೇ ಪದದಲ್ಲಿ ನಾವು ಎಷ್ಟೋ ಬೇರೆ ಬೇರೆ ಭಾವಗಳನ್ನು ತುರುಕಿಬಿಡುತ್ತೇವೆ. ಪವರ್ ಕಟ್ ಆದರೂ ಬೇಜಾರು, ಅಕ್ಕ ಮಾತು ಬಿಟ್ಟರೂ ಬೇಜಾರು. ಆದರೆ ಹೆಸರು ನಿಖರವಾದಷ್ಟೂ ಭಾವ ಕೈಗೆ ಸಿಗುತ್ತದೆ. 2007ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲಿಸ್ ಕೇಂದ್ರದ ಸಂಶೋಧಕರು, ಕೋಪ ಅಥವಾ ಭಯ ತುಂಬಿದ ಮುಖದ ಚಿತ್ರ ತೋರಿಸಿ ಆ ಭಾವವನ್ನು ಪದದಲ್ಲಿ ಗುರುತಿಸಲು ಹೇಳಿದಾಗ, ಮಿದುಳಿನಲ್ಲಿ ಅಪಾಯದ ಗಂಟೆ ಬಾರಿಸುವ ಅಮಿಗ್ಡಲಾ ಭಾಗದ ಚಟುವಟಿಕೆ ತಗ್ಗಿದ್ದನ್ನು ಸ್ಕ್ಯಾನಿನಲ್ಲಿ ಕಂಡರು.

ಕನ್ನಡದಲ್ಲಿ ಇದಕ್ಕೆ ಪದಗಳ ಬರವಿಲ್ಲ. ಬರೆಯುವ ಮುಂಚೆ ಎರಡು ನಿಮಿಷ ಇವುಗಳ ನಡುವೆ ಆರಿಸಿ. ಕಳವಳ ಮುಂದೆ ಆಗಬಹುದಾದ್ದರ ಬಗ್ಗೆ. ಹಳಹಳಿ ಹಿಂದೆ ಆಗಿಹೋದದ್ದರ ಬಗ್ಗೆ, 'ಛೇ, ಅಂದು ಹಾಗೆ ಮಾಡಿದ್ದರೆ' ಎಂಬುದು. ಕೊರಗು ದಿನಗಟ್ಟಲೆ ಒಳಗೇ ತಿನ್ನುವಂಥದ್ದು. ಉಮ್ಮಳ ಎಂದರೆ ಗಂಟಲವರೆಗೆ ಬಂದು ಇನ್ನೇನು ಅಳುವಾಗಿ ಒಡೆಯಲಿರುವುದು. ಮುಜುಗರಕ್ಕೆ ನೋಡುವವರು ಬೇಕು, ಒಬ್ಬರೇ ಇದ್ದಾಗ ಮುಜುಗರವಿಲ್ಲ. ಕಸಿವಿಸಿಗೆ ಕಾರಣ ಗೊತ್ತಿರುವುದಿಲ್ಲ. ದುಗುಡ, ತಳಮಳ, ಇರುಸುಮುರುಸು, ಅಳಲು, ಕಿರಿಕಿರಿ ಒಂದೊಂದಕ್ಕೂ ಒಂದೊಂದು ಮೈಕಟ್ಟು. ಪದ ಸಿಗದಿದ್ದರೆ ದೇಹವನ್ನು ಕೇಳಿ. ಕರುಳು ಹಿಂಡಿದಂತಾಯಿತೋ, ಎದೆ ಧಸಕ್ಕೆಂದಿತೋ, ಹೊಟ್ಟೆ ಉರಿಯಿತೋ, ತಲೆ ಚಿಟ್ಟು ಹಿಡಿಯಿತೋ, ಕೈಕಾಲೇ ಆಡಲಿಲ್ಲವೋ? ನಮ್ಮ ಆಡುಮಾತು ಭಾವಗಳನ್ನು ಮೈಯ ಭಾಗಗಳಲ್ಲಿ ಗುರುತಿಸಿ ಇಟ್ಟಿದೆ.

ಆರಿಸಿದ ಪದವನ್ನು ಪುಟದ ತಲೆಯಲ್ಲಿ, ತಾರೀಖಿನ ಪಕ್ಕ ಬರೆಯಿರಿ. ಕವಿತೆಯ ಒಳಗೆ ಅದನ್ನು ಬಳಸಬೇಡಿ. ಯಾಕೆಂಬುದು ಮೊದಲ ದಿನದ ಅಭ್ಯಾಸದಲ್ಲೇ ಗೊತ್ತಾಗುತ್ತದೆ.

ಮೊದಲ ದಿನ: ವಸ್ತುಗಳ ಪಟ್ಟಿ

ಟೈಮರನ್ನು ಎಂಟು ನಿಮಿಷಕ್ಕೆ ಇಡಿ. ಆ ಸಂಗತಿಗೆ ಸಂಬಂಧಪಟ್ಟ, ಕಣ್ಣಿಗೆ ಕಾಣುವ, ಕೈಗೆ ಸಿಗುವ, ಮೂಗಿಗೆ ಬರುವ, ಕಿವಿಗೆ ಬೀಳುವ ಇಪ್ಪತ್ತು ವಸ್ತುಗಳನ್ನು ಪಟ್ಟಿ ಮಾಡಿ. ವಾಕ್ಯ ಬೇಡ. ಉದಾಹರಣೆಗೆ, ತಂದೆ ತೀರಿಕೊಂಡು ಮೂರು ತಿಂಗಳಾದ ಮನೆಯ ಪಟ್ಟಿ ಹೀಗಿರಬಹುದು: ಬಾಗಿಲ ಹಿಂದಿನ ಮೊಳೆಯಲ್ಲಿ ಅಂಗಿ. ಜೇಬಿನಲ್ಲಿ ಬಸ್ ಟಿಕೆಟ್ಟು. ಅರ್ಧ ಖಾಲಿಯಾದ ಗುಳಿಗೆ ಶೀಟು. ಮೊಬೈಲಿನಲ್ಲಿ ಅಳಿಸದ ನಂಬರು. ಕನ್ನಡಕದ ಡಬ್ಬಿ. ಆರು ಗಂಟೆಯ ರೇಡಿಯೋ ಇಲ್ಲದ ಬೆಳಗು. ಇಸ್ತ್ರಿಯವನು.

ಮೊದಲ ಏಳೆಂಟು ಸಲೀಸಾಗಿ ಬರುತ್ತವೆ, ಅವು ಯಾರಿಗಾದರೂ ಹೊಳೆಯುವಂಥವು. ಹತ್ತರ ಆಸುಪಾಸಿನಲ್ಲಿ ಕೈ ನಿಲ್ಲುತ್ತದೆ. ಅಲ್ಲಿ ಬಿಡಬೇಡಿ. ನಿಮ್ಮದೇ ಆದ ವಸ್ತು ಬರುವುದು ಹೆಚ್ಚಾಗಿ ಹನ್ನೆರಡನೆಯದರ ಆಚೆಗೆ.

ಈಗ ಪಟ್ಟಿಯಿಂದ ಮೂರನ್ನು ಆರಿಸಿ, ಉಳಿದ ಹನ್ನೆರಡು ನಿಮಿಷದಲ್ಲಿ ಐದರಿಂದ ಹನ್ನೆರಡು ಸಾಲು ಬರೆಯಿರಿ. ನಿಷೇಧಿತ ಪದಗಳು ಏಳು: ಮನಸ್ಸು, ಹೃದಯ, ನೋವು, ಕಣ್ಣೀರು, ಬದುಕು, ಕನಸು, ಭಾವನೆ. ಇವು ಕೆಟ್ಟ ಪದಗಳೇನಲ್ಲ. ಆದರೆ ಹೊಸಬರ ಕೈಯಲ್ಲಿ ಇವು ಮುಚ್ಚಳದಂತೆ ಕೆಲಸ ಮಾಡುತ್ತವೆ. ಒಳಗೆ ಏನಿದೆ ಎಂದು ನೋಡುವ ಮುಂಚೆಯೇ ಮುಚ್ಚಿಬಿಡುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಮನಸಿನಾಳದಲ್ಲಿ ನೂರು ನೋವು
ಬದುಕೇ ಆಯಿತೊಂದು ಸಾವು

ಇದು ಪಟ್ಟಿ ಮಾಡದೆ ನೇರ ಬರೆದದ್ದು. ಪಟ್ಟಿಯಿಂದ ಬಂದದ್ದು ಹೀಗಿರುತ್ತದೆ:

ಬಾಗಿಲ ಹಿಂದೆ ಅಂಗಿ ಹಾಗೇ ಇದೆ.
ಜೇಬಿನಲ್ಲಿ ಬಸ್ ಟಿಕೆಟ್ಟು, ಹದಿನೆಂಟು ರೂಪಾಯಿ.
ಎಲ್ಲಿಗೆ ಹೋಗಿ ಬಂದದ್ದೋ, ಹೇಳಿರಲಿಲ್ಲ.
ಇಸ್ತ್ರಿಯವನು ಬಂದು ಕೇಳಿದ, ಬಟ್ಟೆ ಇದೆಯಾ?
ಇಲ್ಲ ಎಂದೆ.

ಎರಡನೆಯದರಲ್ಲಿ ದುಃಖದ ಹೆಸರೇ ಇಲ್ಲ. ಆದರೆ ಬರೆದವರಿಗೆ ತಾನು ಯಾವುದನ್ನು ಹೊತ್ತು ತಿರುಗುತ್ತಿದ್ದೆ ಎಂದು ಗೊತ್ತಾಗುತ್ತದೆ: ಕೇಳದೆ ಉಳಿದ ಒಂದು ಪ್ರಶ್ನೆ, ಹೇಳಿದ ಒಂದು ಸಣ್ಣ ಸುಳ್ಳು. ಮೊದಲನೆಯದನ್ನು ಗಮನಿಸಿ. 'ನೋವು' ಬಂತು, ಅದಕ್ಕೆ ಪ್ರಾಸ ಹುಡುಕಿದಾಗ 'ಸಾವು' ಬಂತು. ಬರೆದವರಿಗೆ ಸಾವಿನ ಯೋಚನೆ ಇತ್ತೆಂದಲ್ಲ, ಪ್ರಾಸ ಅಲ್ಲಿಗೆ ಎಳೆದುಕೊಂಡು ಹೋಯಿತು. ಪ್ರೀತಿ ಎಂದರೆ ಭೀತಿ, ಒಲವು ಎಂದರೆ ಗೆಲವು, ಬಾಳು ಎಂದರೆ ಗೋಳು. ಕನ್ನಡದಲ್ಲಿ ಅಂತ್ಯಪ್ರಾಸದ ಈ ಜೋಡಿಗಳು ತೀರಾ ಸವೆದಿವೆ, ಅವು ನಿಮ್ಮ ಮಾತನ್ನು ತಮ್ಮ ದಾರಿಗೆ ಒಯ್ಯುತ್ತವೆ. ಆದ್ದರಿಂದ ಮೊದಲ ಮೂರು ದಿನ ಪ್ರಾಸ ಪೂರಾ ಬೇಡ.

ಇನ್ನೊಂದು ಮಾತು, ಯಾವ ಕನ್ನಡದಲ್ಲಿ ಬರೆಯಬೇಕೆಂಬುದು. ಮನೆಯಲ್ಲಿ ಜಗಳವಾಡುವ, ಮಗುವನ್ನು ಮುದ್ದು ಮಾಡುವ ಕನ್ನಡದಲ್ಲಿ. ಧಾರವಾಡದವರು 'ಯಾಕ ಹಿಂಗ ಮಾಡ್ದಿ' ಎಂದೇ ಬರೆಯಲಿ, ಕುಂದಾಪುರದವರು ತಮ್ಮ ಮಾತಿನಲ್ಲಿ, ಮಂಡ್ಯದವರು ತಮ್ಮ ಮಾತಿನಲ್ಲಿ. ಪುಸ್ತಕದ ಕನ್ನಡಕ್ಕೆ ಬದಲಾಯಿಸುತ್ತಾ ಹೋದರೆ ಭಾವ ಅರ್ಧ ದಾರಿಯಲ್ಲೇ ಆರಿಹೋಗುತ್ತದೆ. ಮಗುವನ್ನು ಕಳೆದುಕೊಂಡ ದುಃಖವನ್ನು ಬೇಂದ್ರೆಯವರು ಧಾರವಾಡದ ಆಡುಮಾತಿನಲ್ಲೇ, ಹೆಂಡತಿಗೆ 'ಹೀಗೆ ನೋಡಬೇಡ' ಎಂದು ಹೇಳುವ ಮಾತಾಗಿ ಬರೆದರು. ಮನೆಮಾತು ತುಳು, ಕೊಂಕಣಿ, ಬ್ಯಾರಿ, ಉರ್ದು ಆಗಿದ್ದರೆ ಅದರ ಪದ ಬಂದಲ್ಲಿ ಹಾಗೇ ಇರಲಿ. ಹೊರದೇಶದಲ್ಲಿ ಬೆಳೆದು ಕನ್ನಡ ಆಡಲು ಬಂದು ಬರೆಯಲು ಬಾರದವರು, ಹಾಗೆಯೇ ಅಕ್ಷರದ ಅಭ್ಯಾಸ ತಪ್ಪಿದ ಹಿರಿಯರು, ಮೊಬೈಲಿನಲ್ಲಿ ಮಾತಾಡಿ ಧ್ವನಿ ಮುದ್ರಿಸಿಕೊಳ್ಳಬಹುದು. ಆಮೇಲೆ ಕೇಳಿ, ಉಸಿರು ನಿಂತಲ್ಲೆಲ್ಲ ಸಾಲು ಮುರಿಯಿತೆಂದು ಲೆಕ್ಕ.

ಟೈಮರ್ ಹೊಡೆದ ಕೂಡಲೇ ನಿಲ್ಲಿಸಿ, ಸಾಲು ಅರ್ಧವಾಗಿದ್ದರೂ ಸರಿ. ಒಮ್ಮೆ ಗಟ್ಟಿಯಾಗಿ ಓದಿ, ಪುಸ್ತಕ ಮುಚ್ಚಿ, ಎದ್ದು ಮುಖ ತೊಳೆದುಕೊಳ್ಳಿ. ನಂತರದ ಹತ್ತು ನಿಮಿಷ ಕೈಗೆ ಕೆಲಸ ಕೊಡಿ: ಗಿಡಕ್ಕೆ ನೀರು, ಪಾತ್ರೆ, ಸೊಪ್ಪು ಬಿಡಿಸುವುದು. ಮೊಬೈಲ್ ಮಾತ್ರ ಆಗ ಬೇಡ.

ಎರಡನೆಯ ದಿನ: ಅಂಕಿತ

ಹನ್ನೆರಡನೇ ಶತಮಾನದ ವಚನಕಾರರಲ್ಲಿ ಒಂದು ರೂಢಿ ಇತ್ತು. ವಚನ ಎಲ್ಲಿಂದಲೇ ಹೊರಡಲಿ, ಕೊನೆಗೆ ಬಂದು ನಿಲ್ಲುವುದು ಒಂದು ಹೆಸರಿನ ಮುಂದೆ. ಬಸವಣ್ಣನವರಿಗೆ ಕೂಡಲಸಂಗಮದೇವ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ, ಅಲ್ಲಮನಿಗೆ ಗುಹೇಶ್ವರ. ಅಂಬಿಗರ ಚೌಡಯ್ಯ ತನ್ನ ಹೆಸರನ್ನೇ ಅಂಕಿತ ಮಾಡಿಕೊಂಡ. ದಾಸರಲ್ಲೂ ಇದೇ ಕ್ರಮ, ಪುರಂದರವಿಠಲ, ಕಾಗಿನೆಲೆಯಾದಿಕೇಶವ. ಅಂಕಿತ ಎಂದರೆ ಬರೆದವರ ಸಹಿ ಎಂದು ಶಾಲೆಯಲ್ಲಿ ಕಲಿಯುತ್ತೇವೆ. ನೆಮ್ಮದಿಗಾಗಿ ಬರೆಯುವವರಿಗೆ ಅದರ ಬೇರೆ ಎರಡು ಉಪಯೋಗ ಮುಖ್ಯ. ಮೊದಲನೆಯದಾಗಿ ಕೇಳುವ ಕಿವಿಯೊಂದು ಸಿಗುತ್ತದೆ. ತನ್ನೊಳಗೇ ಗೊಣಗುವುದು ತಪ್ಪಿ ಅದು ಮಾತಾಗುತ್ತದೆ. ಎರಡನೆಯದಾಗಿ ಕೊನೆ ಸಿಗುತ್ತದೆ. ಹೆಸರು ಬಂದ ಮೇಲೆ ಕವಿತೆ ಮುಗಿಯಲೇಬೇಕು.

ನಿಮಗೊಂದು ಅಂಕಿತ ಆರಿಸಿಕೊಳ್ಳಿ. ಇಷ್ಟದೈವ ಇದ್ದರೆ ಸರಿಯೇ ಸರಿ. ಇಲ್ಲದಿದ್ದರೆ ತೀರಿಕೊಂಡ ಅಜ್ಜಿ, ಊರಿನ ಕೆರೆ, ಹಿತ್ತಲಿನ ನುಗ್ಗೆಮರ, ದಿನಾ ಹತ್ತುವ ಬಸ್ಸು ಯಾವುದಾದರೂ ಆದೀತು. ಎರಡು ಶರತ್ತುಗಳಿವೆ. ಅದು ನಿಮ್ಮನ್ನು ತೀರ್ಪು ಮಾಡದ ಹೆಸರಾಗಿರಬೇಕು. ಮತ್ತು ನಿಮಗೆ ಯಾರ ಮೇಲೆ ಸಿಟ್ಟಿದೆಯೋ ಅವರ ಹೆಸರಾಗಿರಬಾರದು. ಹಾಗಾದರೆ ಪ್ರತಿ ಕವಿತೆಯೂ ಜಗಳದಲ್ಲೇ ಮುಗಿಯುತ್ತದೆ.

ನಿನ್ನೆಯ ಸಾಲುಗಳನ್ನು ತೆಗೆದು, ಅದೇ ವಿಷಯವನ್ನು ಯಾರಿಗಾದರೂ ಹೇಳುವಂತೆ ಬರೆಯಿರಿ. ತಂದೆಗೇ ಹೇಳಬಹುದು:

ಅಪ್ಪಾ, ಇಸ್ತ್ರಿಯವನಿಗೆ ಇಲ್ಲ ಎಂದುಬಿಟ್ಟೆ.
ಅಂಗಿ ಇತ್ತು. ನಿನ್ನ ವಾಸನೆಯೂ ಇತ್ತು.
ಹದಿನೆಂಟು ರೂಪಾಯಿಗೆ ಎಲ್ಲಿಗೆ ಹೋಗಿದ್ದೆ?
ಕೇಳಿದ್ದರೆ ಹೇಳುತ್ತಿದ್ದೆ. ನಾನೇ ಕೇಳಲಿಲ್ಲ,
ನಿನಗಾದರೂ ಗೊತ್ತಿರಬೇಕು, ಹಿತ್ತಲಿನ ನುಗ್ಗೆಯೇ.

ಮನೆಯಲ್ಲಿ ಅಪ್ಪನನ್ನು ನೀನು ಎನ್ನುತ್ತಿದ್ದರೆ ಕವಿತೆಯಲ್ಲೂ ನೀನು, ನೀವು ಎನ್ನುತ್ತಿದ್ದರೆ ನೀವು. ಇದನ್ನು ಬದಲಿಸಿದರೆ ನೀವು ಮಾತಾಡುತ್ತಿರುವುದು ಬೇರೆ ಯಾರೊಂದಿಗೋ ಆಗಿಬಿಡುತ್ತದೆ.

ಈ ದಿನ ಅಳು ಬರುವುದು ಹೆಚ್ಚು, ಅದು ಕೆಟ್ಟದ್ದಲ್ಲ. ಅಳುತ್ತಲೇ ಬರೆಯಲು ಆಗುತ್ತಿದ್ದರೆ ಬರೆಯಿರಿ. ಅಕ್ಷರ ಕಾಣದಷ್ಟು ಅಳು ಬಂದರೆ ಪೆನ್ನು ಕೆಳಗಿಡಿ, ಉಳಿದ ನಿಮಿಷಗಳನ್ನು ನಾಳೆಗೆ ಸೇರಿಸಬೇಡಿ.

ಮೂರನೆಯ ದಿನ: ಬೇರೆಯವರ ಬಾಯಿ

ಮೂರನೇ ದಿನ ಅದೇ ಸಂಗತಿಯನ್ನು ಹೊರಗಿನಿಂದ ನೋಡಬೇಕು. ನಾನು ಎಂಬುದನ್ನು ಅವಳು ಅಥವಾ ಅವನು ಮಾಡಿ. ಇಲ್ಲವೇ ಪಟ್ಟಿಯ ಒಂದು ವಸ್ತುವಿಗೆ ಬಾಯಿ ಕೊಡಿ:

ನಾನು ಅಂಗಿ. ಮೂರು ತಿಂಗಳಿಂದ ಇದೇ ಮೊಳೆ.
ಈ ಮನೆಯ ಹುಡುಗಿ ಬಾಗಿಲು ಹಾಕಲು ಬರುತ್ತಾಳೆ,
ನನ್ನ ಕಡೆ ನೋಡಿ ಹಾಕದೆ ಹೋಗುತ್ತಾಳೆ.
ಅವಳಿಗೆ ಹೇಳಬೇಕು, ಟಿಕೆಟ್ಟು ಸಂತೆಗೆ ಹೋದದ್ದು.
ಅವಳಿಗಿಷ್ಟವೆಂದು ಸೀತಾಫಲ ತರಲು.

ಕೊನೆಯ ಎರಡು ಸಾಲು ನಿಜವೋ ಅಲ್ಲವೋ ಬರೆದವರಿಗೂ ಗೊತ್ತಿಲ್ಲ. ಆದರೂ ಅಂಗಿಗೆ ಹೇಳಲು ಬಂತು. 'ನಾನು' ಎಂದು ಬರೆಯುವಾಗ ಒಪ್ಪಲಾಗದ ದಯೆಯನ್ನು ಇನ್ನೊಂದರ ಬಾಯಲ್ಲಿ ನಮಗೇ ಹೇಳಿಕೊಳ್ಳಲು ಬರುತ್ತದೆ. ನಾಲ್ಕು ದಿನಗಳಲ್ಲಿ ಹೆಚ್ಚು ಕೆಲಸ ಮಾಡುವುದು ಈ ಮೂರನೇ ದಿನವೇ ಎಂದು ಧೈರ್ಯವಾಗಿ ಹೇಳಬಹುದು. ಬರಹಗಳನ್ನು ಎಣಿಸಿ ನೋಡಿದ ಸಂಶೋಧನೆಯೂ ಇದಕ್ಕೆ ಹತ್ತಿರದ ಮಾತನ್ನೇ ಹೇಳುತ್ತದೆ: 2003ರಲ್ಲಿ ಕ್ಯಾಂಪ್‌ಬೆಲ್ ಮತ್ತು ಪೆನ್ನೆಬೇಕರ್ ಪ್ರಕಟಿಸಿದಂತೆ, ಒಂದು ದಿನದಿಂದ ಇನ್ನೊಂದು ದಿನಕ್ಕೆ ನಾನು, ಅವನು, ಅವಳು ಎಂಬ ಸರ್ವನಾಮಗಳ ಬಳಕೆ ಬದಲಾಗುತ್ತಾ ಹೋದವರಲ್ಲೇ ಆರೋಗ್ಯದ ಸುಧಾರಣೆ ಹೆಚ್ಚು ಕಂಡಿತ್ತು.

ಬರೆದಾದ ಮೇಲೆ ಮೂರೂ ದಿನದ ಪುಟಗಳಲ್ಲಿ ನಾನು, ನನ್ನ, ನನಗೆ ಎಷ್ಟು ಸಲ ಬಂದಿದೆ ಎಂದು ಎಣಿಸಿ. ಕನ್ನಡದಲ್ಲಿ ಈ ಎಣಿಕೆ ಸ್ವಲ್ಪ ಕಷ್ಟ, ಯಾಕೆಂದರೆ 'ನಾನು' ಕ್ರಿಯಾಪದದ ಬಾಲದಲ್ಲಿ ಅಡಗಿರುತ್ತದೆ. ಅತ್ತೆ, ಸೋತೆ, ಕಾಯುತ್ತೇನೆ, ಮರೆಯಲಾರೆ, ಇವನ್ನೂ ಲೆಕ್ಕಕ್ಕೆ ಸೇರಿಸಿ. ಮೂರೂ ದಿನ ಸಂಖ್ಯೆ ಒಂದೇ ಮಟ್ಟದಲ್ಲಿದ್ದು, ಸಾಲುಗಳೂ ಹೆಚ್ಚು ಕಡಿಮೆ ಅವೇ ಆಗಿದ್ದರೆ ನೀವು ಗಾಣ ಸುತ್ತುತ್ತಿದ್ದೀರಿ ಎಂದರ್ಥ. ಆಗ ವಿಷಯ ಬದಲಿಸಿ. ಹಾಗಲ್ಲದೆ 'ಯಾಕಂದರೆ', 'ಈಗ ತಿಳಿಯಿತು', 'ಹಾಗಾಗಿ' ಎಂಬಂಥ ಪದಗಳು ಎರಡನೇ ಮೂರನೇ ದಿನ ತಾವಾಗಿಯೇ ಬರಲು ಶುರುವಾಗಿದ್ದರೆ ಕೆಲಸ ಸಾಗಿದೆ.

ನಾಲ್ಕನೆಯ ದಿನ: ಲಯ

ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರು ತವರಿನ ನೆನಪು, ಅತ್ತೆಮನೆಯ ಕಷ್ಟ, ಮಕ್ಕಳಿಲ್ಲದ ಅಳಲು ಎಲ್ಲವನ್ನೂ ಮೂರು ಸಾಲಿನ ತ್ರಿಪದಿಯಲ್ಲಿ ಹಾಡಿದರು. ಕಲ್ಲಿನ ಸುತ್ತಿಗೆ ಸಾಲು ಹೊಂದುತ್ತಿತ್ತು, ಕೈಯ ಬಲ ಹಾಡಿಗೆ ಬರುತ್ತಿತ್ತು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಸುಮಾರು 700ರ ಹೊತ್ತಿಗೇ, ತ್ರಿಪದಿ ಕಾಣುತ್ತದೆ. ಹೇಳಲಾಗದ್ದನ್ನು ಹೇಳಲು ಲಯ ಒಂದು ಪಾತ್ರೆ ಕೊಡುತ್ತದೆ. ನೀರು ನೆಲಕ್ಕೆ ಚೆಲ್ಲುವುದಕ್ಕೂ ಚೊಂಬಿನಲ್ಲಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಅದು.

ತ್ರಿಪದಿಯ ಪೂರ್ಣ ಲಕ್ಷಣ, ಅಂದರೆ ನಾಲ್ಕು, ನಾಲ್ಕು, ಮೂರು ಎಂದು ಹನ್ನೊಂದು ಗಣ, ಅದರಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣವೆಂಬ ಗಿಡ್ಡ ಗಣ, ಹೊಸಬರಿಗೆ ತೊಡಕು. ಅದಕ್ಕಿಂತ ಸುಲಭವಾದದ್ದು ನಾಲ್ಕು ಮಾತ್ರೆಯ ಗಣ, ಮಂದಾನಿಲ ರಗಳೆ ಎಂಬ ಛಂದಸ್ಸಿನ ನಡೆ. ಗಣ ಎಂದರೆ ಅಕ್ಷರಗಳ ಗುಂಪು, ಮಾತ್ರೆ ಎಂದರೆ ಅಕ್ಷರ ಉಚ್ಚರಿಸಲು ಹಿಡಿಯುವ ಹೊತ್ತಿನ ಅಳತೆ. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ. ದೀರ್ಘಕ್ಕೆ, ಸೊನ್ನೆ ಇರುವ ಅಕ್ಷರಕ್ಕೆ, ಒತ್ತಕ್ಷರದ ಹಿಂದಿನ ಅಕ್ಷರಕ್ಕೆ ಎರಡು. 'ಅಪ್ಪನ' ಎಂದರೆ ಎರಡು, ಒಂದು, ಒಂದು, ಒಟ್ಟು ನಾಲ್ಕು. 'ಮೊಳೆಯಲಿ' ಒಂದೊಂದರಂತೆ ನಾಲ್ಕು. ಇಂಥ ನಾಲ್ಕು ಗುಂಪು ಸೇರಿದರೆ ಒಂದು ಸಾಲು:

ಬಾಗಿಲ | ಹಿಂದಿನ | ಮೊಳೆಯಲಿ | ಈಗಲು
ಅಪ್ಪನ | ಅಂಗಿಯು | ತೂಗುತ | ಲಿರುವುದು

ಪುಟದ ಮೇಲೆ ಎಣಿಸುತ್ತಾ ಕೂರುವುದಕ್ಕಿಂತ ಎದ್ದು ನಡೆಯಿರಿ. ಒಂದು ಹೆಜ್ಜೆಗೆ ಒಂದು ಗಣ. ನಾಲ್ಕು ಹೆಜ್ಜೆಗೆ ಸಾಲು ಮುಗಿಯಬೇಕು. ಮೊದಲ ಮೂರು ದಿನದ ಪುಟಗಳಿಂದ ನಿಮಗೆ ಬೇಕೆನಿಸಿದ ನಾಲ್ಕೈದು ಸಾಲನ್ನು ಮಾತ್ರ ತೆಗೆದು, ಹೀಗೆ ನಡೆಯುತ್ತಾ ಹೊಂದಿಸಿ. ಕಳವಳ ಹೆಚ್ಚಿರುವವರಿಗೆ ಇದು ಬಹಳ ಒಳ್ಳೆಯದು. ತಲೆಗೆ ಎಣಿಕೆಯ ಕೆಲಸ ಇರುವಷ್ಟು ಹೊತ್ತು 'ಹಾಗಾದರೆ ಏನು ಗತಿ' ಎಂಬ ಯೋಚನೆಗೆ ಜಾಗ ಸಿಗುವುದಿಲ್ಲ. ಒಂದು ಮಾತ್ರೆ ಹೆಚ್ಚು ಕಡಿಮೆಯಾದರೆ ಬಿಟ್ಟುಬಿಡಿ, ಯಾರೂ ಪರೀಕ್ಷೆ ತೆಗೆದುಕೊಳ್ಳುತ್ತಿಲ್ಲ. ಎಣಿಕೆಯೇ ಕಿರಿಕಿರಿಯಾದರೆ ಮೂರೇ ಸಾಲು ಬರೆಯಿರಿ: ಕಂಡದ್ದು ಒಂದು, ಅದರ ವಿವರ ಒಂದು, ಅಂಕಿತದ ಕಡೆ ತಿರುಗಿ ಹೇಳಿದ್ದು ಒಂದು.

ಮುಗಿಸುವಾಗ ಬಲವಂತದ ಬೆಳಕು ಬೇಡ. 'ನಾಳೆ ಹೊಸ ಸೂರ್ಯ ಹುಟ್ಟುವನು' ಎಂದು ಕೊನೆಗೆ ಅಂಟಿಸುವ ಚಾಳಿ ನಮ್ಮಲ್ಲಿ ತುಂಬಾ ಇದೆ. ನಿಮಗೇ ನಂಬಿಕೆಯಿಲ್ಲದ ಆ ಸಾಲು, ಮೇಲೆ ನಿಜವಾಗಿ ಬರೆದದ್ದನ್ನೂ ಸುಳ್ಳಾಗಿಸುತ್ತದೆ. ಸಮಾಧಾನ ಬಂದಿದ್ದರೆ ಅಷ್ಟನ್ನೇ ಬರೆಯಿರಿ. ಬಂದಿಲ್ಲದಿದ್ದರೆ ಒಂದು ವಸ್ತುವಿನ ಮೇಲೆ ನಿಲ್ಲಿಸಿ.

ಸಿಟ್ಟು, ಕಳವಳ, ಸಂತೋಷ

ಸಿಟ್ಟಿಗೆ ಮೇಲಿನ ಕ್ರಮ ನಿಧಾನವಾಯಿತು ಎನಿಸಬಹುದು. ಸಿಟ್ಟು ಬಂದ ದಿನ ನೇರ ಬೈಗುಳದಿಂದಲೇ ಶುರು ಮಾಡಿ, ಹತ್ತು ಸಾಲು, ಊರಮಾತಿನಲ್ಲಿ. ಹನ್ನೊಂದನೇ ಸಾಲನ್ನು 'ನನಗೆ ಬೇಕಾಗಿದ್ದುದು' ಎಂದು ಆರಂಭಿಸಿ. ಸಿಟ್ಟಿನ ತಳದಲ್ಲಿ ಒಂದು ಬೇಡಿಕೆ ಇರುತ್ತದೆ, ಅದು ಹೊರಬರುವುದು ಅಲ್ಲಿ. ಈ ಪುಟದ ಫೋಟೊ ತೆಗೆಯಬೇಡಿ, ಯಾರಿಗೂ ಕಳಿಸಬೇಡಿ, ಆ ರಾತ್ರಿಯಂತೂ ಖಂಡಿತ ಬೇಡ.

ಕಳವಳಕ್ಕೆ ಪಟ್ಟಿ ಕವಿತೆ ಹೊಂದುತ್ತದೆ. ಪ್ರತಿ ಸಾಲೂ 'ಬಹುದು' ಎಂದು ಮುಗಿಯಲಿ. ರಿಸಲ್ಟ್ ಕೆಟ್ಟದಾಗಿ ಬರಬಹುದು, ಲೋನ್ ಸಿಗದೆ ಹೋಗಬಹುದು ಎಂದು ಆರು ಸಾಲು. ಆಮೇಲಿನ ಆರು ಸಾಲು ಈ ಕ್ಷಣ ಕೋಣೆಯಲ್ಲಿ ಇರುವ ವಸ್ತುಗಳದು, 'ಇದೆ' ಎಂದು ಮುಗಿಯಲಿ. ಫ್ಯಾನು ತಿರುಗುತ್ತಾ ಇದೆ, ಒಲೆಯ ಮೇಲೆ ಹಾಲು ಇದೆ. ಬೇರೇನೂ ಮಾಡಬೇಕಿಲ್ಲ.

ಸಂತೋಷದ ದಿನವೂ ಬರೆಯಿರಿ. ದುಃಖಕ್ಕೆ ಮಾತ್ರ ತೆರೆಯುವ ಪುಸ್ತಕವನ್ನು ಕ್ರಮೇಣ ಕೈ ಮುಟ್ಟದು.

ಹಳಿ ತಪ್ಪುವುದು ಎಲ್ಲಿ

ಅತಿ ಹೆಚ್ಚು ತಪ್ಪುವುದು ಹಂಚಿಕೊಳ್ಳುವುದರಲ್ಲಿ. ಬರೆದ ಹತ್ತು ನಿಮಿಷದಲ್ಲಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದರೆ, ಆಮೇಲೆ ಮನಸ್ಸಿಗೆ ಉಳಿಯುವ ಪ್ರಶ್ನೆ ಯಾರು ನೋಡಿದರು, ಯಾರು ನೋಡಿಯೂ ಸುಮ್ಮನಿದ್ದರು ಎಂಬುದು. ಮುಂದಿನ ಕವಿತೆ ಆ ನೋಡುವವರಿಗಾಗಿ ಹುಟ್ಟುತ್ತದೆ. ಕನಿಷ್ಠ ಒಂದು ತಿಂಗಳು ಯಾವ ಕವಿತೆಯನ್ನೂ ಹೊರಗೆ ಬಿಡಬೇಡಿ. ಪ್ರಕಟಿಸುವ ಆಸೆ ಇದ್ದರೆ ಅದಕ್ಕೆ ಬೇರೆ ನೋಟ್‌ಬುಕ್ ಇಡಿ. ಅಲ್ಲಿ ನಿಯಮಗಳೂ ಬೇರೆ, ತಿದ್ದುವ ಕಷ್ಟವೂ ಬೇರೆ.

ಕೆಲವೇ ಜನ ಎದುರಾಬದುರು ಕೂತು ಓದಿಕೊಳ್ಳುವುದು ಮಾತ್ರ ಒಳ್ಳೆಯದು. ನಾಲ್ಕರಿಂದ ಆರು ಜನ, ವಾರಕ್ಕೊಮ್ಮೆ ಒಂದು ಗಂಟೆ. ಓದಿದ ಮೇಲೆ ಯಾರೂ ಸಲಹೆ ಕೊಡಬಾರದು, 'ಅಯ್ಯೋ ಪಾಪ' ಎನ್ನಬಾರದು, ವ್ಯಾಕರಣ ತಿದ್ದಬಾರದು. ಕೇಳಿದವರು ತಮಗೆ ತಾಗಿದ ಒಂದು ಸಾಲನ್ನು ಹಾಗೇ ತಿರುಗಿ ಹೇಳಬೇಕು, ಅಷ್ಟೇ. ಓದಲು ಇಷ್ಟವಿಲ್ಲದವರು ಸುಮ್ಮನೆ ಕೂತಿರಬಹುದು. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು.

ಇನ್ನೊಂದು, ದಿನಾ ಬರೆಯಲೇಬೇಕೆಂಬ ಹಟ. ನಾಲ್ಕು ದಿನ ಬರೆದ ಮೇಲೆ ಮೂರು ದಿನ ಬಿಡಿ. ಏಳನೇ ದಿನ ಮತ್ತೆ ಓದಿ. ಆಮೇಲೆ ವಾರಕ್ಕೆ ಒಂದೋ ಎರಡೋ ಸಲ ಸಾಕು. ಅದೇ ಗಾಯವನ್ನು ದಿನಾ ತೆರೆದು ನೋಡಿದರೆ ಮಾಯುವುದಾದರೂ ಯಾವಾಗ?

ಕವಿತೆ ಸಾಲದಿದ್ದಾಗ

2001ರಲ್ಲಿ ಸ್ಟಿರ್ಮನ್ ಮತ್ತು ಪೆನ್ನೆಬೇಕರ್, ಆತ್ಮಹತ್ಯೆ ಮಾಡಿಕೊಂಡ 9 ಕವಿಗಳ ಮತ್ತು ಹಾಗಲ್ಲದ 9 ಕವಿಗಳ ಕವಿತೆಗಳನ್ನು ಹೋಲಿಸಿದರು. ಮೊದಲ ಗುಂಪಿನ ಕವಿತೆಗಳಲ್ಲಿ ನಾನು, ನನ್ನ ಎಂಬವು ಹೆಚ್ಚಿದ್ದವು. ನಾನು ಎಂದು ಬರೆದವರೆಲ್ಲ ಅಪಾಯದಲ್ಲಿದ್ದಾರೆ ಎಂದು ಇದರಿಂದ ತಿಳಿಯಬಾರದು. ಒಳ್ಳೆಯ ಕವಿತೆ ಬರೆಯುವ ಶಕ್ತಿಯೊಂದೇ ಮನುಷ್ಯನನ್ನು ಕಾಯಲು ಸಾಲದು ಎಂಬುದನ್ನಂತೂ ತಿಳಿಯಬೇಕು.

ಸಾಯುವ ಯೋಚನೆ, ಎಲ್ಲ ಮುಗಿಸಿಬಿಡುವ ಮಾತು, ಉಳಿದವರಿಗೆ ವಿದಾಯ ಹೇಳುವ ಸಾಲು ಪುಟದಲ್ಲಿ ಕಾಣಿಸಿಕೊಂಡರೆ ಪೆನ್ನು ಕೆಳಗಿಟ್ಟು ಫೋನ್ ಎತ್ತಿ. ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಈ ಸೇವೆಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಪಕ್ಕದಲ್ಲಿ ನಂಬಿಕೆಯವರು ಇದ್ದರೆ ಅವರನ್ನು ಎಬ್ಬಿಸಿ, ಎಷ್ಟು ಹೊತ್ತಾಗಿದ್ದರೂ ಸರಿ. ಎರಡು ವಾರಕ್ಕೂ ಮೀರಿ ನಿದ್ದೆ, ಊಟ, ಕೆಲಸ ಕೆಟ್ಟಿದ್ದರೆ ವೈದ್ಯರನ್ನು ಕಾಣಿ. ಈಗಾಗಲೇ ಗುಳಿಗೆ ತೆಗೆದುಕೊಳ್ಳುತ್ತಿರುವವರು ಬರೆಯುವುದರಿಂದ ಹಗುರಾಯಿತೆಂದು ಅದನ್ನು ನಿಲ್ಲಿಸಬೇಡಿ. ಆಪ್ತಸಮಾಲೋಚಕರ ಬಳಿ ಹೋಗುತ್ತಿದ್ದರೆ ನೋಟ್‌ಬುಕ್ ಜೊತೆಗೆ ಒಯ್ಯಿರಿ. ಬಾಯಲ್ಲಿ ಹೇಳಲು ಅರ್ಧ ಗಂಟೆ ಹಿಡಿಯುವುದನ್ನು ಮೂರನೇ ದಿನದ ಐದು ಸಾಲು ಅವರಿಗೆ ತಿಳಿಸುತ್ತದೆ.

ಪುಸ್ತಕ ತುಂಬಿದ ಮೇಲೆ

ತಿಂಗಳಿಗೊಮ್ಮೆ ಹಿಂದಿನ ಪುಟಗಳನ್ನು ಓದಿ, ಹಗಲು ಹೊತ್ತಿನಲ್ಲಿ. ಪುಟದ ತಲೆಯಲ್ಲಿ ಬರೆದಿಟ್ಟ ಭಾವದ ಹೆಸರುಗಳನ್ನಷ್ಟೇ ಮೊದಲು ಸಾಲಾಗಿ ನೋಡಿ. ನಾಲ್ಕು ವಾರದಲ್ಲಿ ಕೊರಗು, ಕೊರಗು, ಉಮ್ಮಳ, ಹಳಹಳಿ, ಕಿರಿಕಿರಿ ಎಂದು ಇದ್ದರೆ ಏನೋ ಕದಲಿದೆ. ಎಲ್ಲ ಕಡೆ ಒಂದೇ ಪದವಿದ್ದರೆ ಮುಂದಿನ ನಾಲ್ಕು ದಿನಕ್ಕೆ ಮೂರನೇ ದಿನದ ಅಭ್ಯಾಸವನ್ನೇ ಮಾಡಿ, ದಿನಕ್ಕೊಂದು ಬೇರೆ ವಸ್ತುವಿನ ಬಾಯಲ್ಲಿ.

ಇಟ್ಟುಕೊಳ್ಳಬೇಕೆನಿಸಿದ ಪುಟಗಳನ್ನು ಕತ್ತರಿಸಿ ಒಂದು ಲಕೋಟೆಗೆ ಹಾಕಿ, ಮೇಲೆ ತಾರೀಖು ಬರೆಯಿರಿ. ಉಳಿದವನ್ನು ಹರಿದು ನೀರಿನಲ್ಲಿ ನೆನೆಹಾಕಿದರೆ ಶಾಯಿ ಬಿಟ್ಟುಕೊಂಡು ಒಂದು ರಾತ್ರಿಯಲ್ಲಿ ಮುದ್ದೆಯಾಗುತ್ತದೆ. ಬಾಲ್ ಪೆನ್ನಿನ ಶಾಯಿ ಅಷ್ಟು ಬೇಗ ಹೋಗದು, ಅಂಥ ಹಾಳೆಗಳನ್ನು ಸಣ್ಣದಾಗಿ ಹರಿದು ನೆನೆಸಬೇಕು.